ಡೆಪ್ಯುಟಿ ಚೆನ್ನಬಸಪ್ಪನವರು ಮತ್ತು ನಮ್ಮ ಕನ್ನಡ ಸಾಲಿ



ಪ್ರತಿ ವರ್ಷ ಸೆಪ್ಟೆಂಬರ್ 5 ಬಂತೆಂದರೆ ನಮ್ಮ ಗೋಡೆ ಪತ್ರಿಕೆಯಲ್ಲಿ ಡಾ. ರಾಧಾಕೃಷ್ಣನ್ ಅವರ ಜೀವನ ಚರಿತ್ರೆ ಬರುತ್ತದೆ. ಹೋದ ವರ್ಷ ಬಂದಿತ್ತು, ಅದರ ಹಿಂದಿನ ವರ್ಷವೂ ಬಂದಿತ್ತು. ಅವರು ದೊಡ್ಡವರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಈ ಸಲ ನಮ್ಮ ಕನ್ನಡ ಗುರುಗಳು ನನಗೆ ಬೇರೆ ಹೆಸರು ಕೊಟ್ಟರು. ನಮ್ಮ ಬೆಳಗಾವಿ ಸೀಮೆಯಲ್ಲೇ ಊರೂರು ತಿರುಗಿ ಕನ್ನಡ ಸಾಲಿ ತೆರೆದವರೊಬ್ಬರು ಇದ್ದರು, ಅವರ ಬಗ್ಗೆ ಬರಿ ಅಂದರು. ಅವರೇ ಡೆಪ್ಯುಟಿ ಚೆನ್ನಬಸಪ್ಪನವರು. ಗುರುಗಳು ಹೇಳಿದ್ದನ್ನು ಮತ್ತು ಗ್ರಂಥಾಲಯದ ಪುಸ್ತಕದಲ್ಲಿ ಓದಿದ್ದನ್ನು ಕೂಡಿಸಿ ನನಗೆ ತಿಳಿದಂತೆ ಬರೆದಿದ್ದೇನೆ. ಸ್ವಲ್ಪ ಉದ್ದವಾಗಿದೆ. ಊಟದ ಬಿಡುವಿನಲ್ಲಿ ನಿಂತು ಪೂರ್ತಿ ಓದಿರಿ, ಅರ್ಧಕ್ಕೆ ಬಿಡಬೇಡಿರಿ.

ಹೆಸರಿನ ಮುಂದೆ ಡೆಪ್ಯುಟಿ ಯಾಕೆ?

ಮೊದಲು ನಾನು ಡೆಪ್ಯುಟಿ ಎಂಬುದು ಅವರ ಅಡ್ಡಹೆಸರು ಎಂದು ತಿಳಿದಿದ್ದೆ. ನಮ್ಮಲ್ಲಿ ಪಾಟೀಲ, ಬಡಿಗೇರ, ಪೂಜಾರಿ ಎಂದು ಇರುವಂತೆ ಇದೂ ಒಂದು ಇರಬೇಕು ಅಂದುಕೊಂಡೆ. ಅದು ಅಡ್ಡಹೆಸರಲ್ಲ, ನೌಕರಿಯ ಹೆಸರು. ಅವರು ಡೆಪ್ಯುಟಿ ಎಜುಕೇಶನಲ್ ಇನ್ಸ್‌ಪೆಕ್ಟರ್ ಆಗಿದ್ದರು. ಅಂದರೆ ಸಾಲಿಗಳನ್ನು ತಪಾಸಣೆ ಮಾಡುವ ಸಾಹೇಬರು. ಈಗ ನಮ್ಮ ಸಾಲಿಗೆ ಬಿ.ಇ.ಓ. ಸಾಹೇಬರು ಬರುತ್ತಾರಲ್ಲ, ಹಾಗೆ. ಆ ಕೆಲಸವನ್ನು ಅವರು ಎಷ್ಟು ಮನಸ್ಸಿಟ್ಟು ಮಾಡಿದರೆಂದರೆ ಅವರು ತೀರಿಹೋಗಿ 140 ವರ್ಷ ದಾಟಿದರೂ ಜನ ಅವರ ಹೆಸರಿನಿಂದ ಡೆಪ್ಯುಟಿ ಎಂಬ ಮಾತನ್ನು ಬಿಡಿಸಿಲ್ಲ.

ಆಗಿನ ಸಾಲಿ ಹೇಗಿತ್ತು?

ಚೆನ್ನಬಸಪ್ಪನವರು 1830ರ ನಂತರದ ವರ್ಷಗಳಲ್ಲಿ ಧಾರವಾಡದಲ್ಲಿ ಹುಟ್ಟಿದರು. ತಂದೆ ಬಸಲಿಂಗಪ್ಪ, ತಾಯಿ ತಿಮ್ಮವ್ವ. ಅವರು ಸಣ್ಣವರಿದ್ದಾಗ ಹಳ್ಳಿಗಳಲ್ಲಿ ಸರಕಾರಿ ಸಾಲಿ ಎಂಬುದು ಬಹಳ ಅಪರೂಪ. ಇದ್ದದ್ದು ಗಾವಟಿ ಸಾಲಿ. ಮಠದಲ್ಲಿಯೋ, ಗುಡಿಯ ಕಟ್ಟೆಯ ಮೇಲೋ, ಯಾರದಾದರೂ ಮನೆಯ ಪಡಸಾಲೆಯಲ್ಲಿಯೋ ಒಬ್ಬ ಅಯ್ಯನವರು ಹುಡುಗರನ್ನು ಕೂಡಿಸಿಕೊಂಡು ಕಲಿಸುತ್ತಿದ್ದರು. ಅದಕ್ಕೇ ಸಾಲಿಗೆ ಮಠ ಎಂದೂ ಅನ್ನುತ್ತಿದ್ದರು. ಸಾಲಿಮಠ ಎಂದು ಈಗಲೂ ಕೆಲವರ ಅಡ್ಡಹೆಸರು ಇದೆ, ನೋಡಿರಿ.

ಆ ಸಾಲಿಯಲ್ಲಿ ಬೆಂಚು ಇಲ್ಲ, ಬೋರ್ಡು ಇಲ್ಲ, ಇಯತ್ತೆ ಇಲ್ಲ, ಹಾಜರಿ ಪುಸ್ತಕವೂ ಇಲ್ಲ. ಮೊದಲು ಉಸುಕಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದಬೇಕು. ಓಂ ನಮಃ ಶಿವಾಯ ಎಂದು ಬರೆಸಿ ಶುರು ಮಾಡುತ್ತಿದ್ದರು. ಅದಕ್ಕೇ ಅಕ್ಷರಾಭ್ಯಾಸಕ್ಕೆ ಓನಾಮ ಎಂಬ ಮಾತು ಬಂತು. ಕೈ ಪಳಗಿದ ಮೇಲೆ ಕಡತದ ಮೇಲೆ ಬಳಪದಿಂದ ಬರೆಯುವುದು. ಕಡತ ಎಂದರೆ ಕರಿ ಬಣ್ಣ ಬಳಿದು ಗಟ್ಟಿ ಮಾಡಿದ, ಮಡಚಿಡುವ ಬಟ್ಟೆ. ಲೆಕ್ಕವೆಲ್ಲ ಬಾಯಿಪಾಠ. ಒಂದರ ಮಗ್ಗಿಯಿಂದ ಹಿಡಿದು ಕಾಲು, ಅರ್ಧ, ಮುಕ್ಕಾಲು ಮಗ್ಗಿಗಳವರೆಗೆ ಗಟ್ಟಿಯಾಗಿ ಕೂಗಿ ಹೇಳಬೇಕಿತ್ತು. ನಾವು ಇಪ್ಪತ್ತರ ಮಗ್ಗಿಗೇ ಸುಸ್ತಾಗುತ್ತೇವೆ!

ಅಯ್ಯನವರಿಗೆ ತಿಂಗಳ ಪಗಾರ ಇರಲಿಲ್ಲ. ಹುಡುಗರ ಮನೆಯವರು ಜೋಳ, ಬೇಳೆ, ಬೆಲ್ಲ ಕೊಡುತ್ತಿದ್ದರು. ಮಾನೌಮಿ ಹಬ್ಬದಲ್ಲಿ ಹುಡುಗರು ಗುರುಗಳ ಜೊತೆ ಮನೆ ಮನೆಗೆ ಹೋಗಿ ಪದ ಹಾಡುತ್ತಿದ್ದರು, ಆಗ ಸಿಕ್ಕದ್ದು ಗುರುಗಳಿಗೆ. ಶಿಕ್ಷೆಯೂ ಬಹಳ ಘೋರ. ತಪ್ಪಿದ ಹುಡುಗನನ್ನು ಬಗ್ಗಿಸಿ ಬೆನ್ನ ಮೇಲೆ ಕಲ್ಲು ಹೇರುತ್ತಿದ್ದರು. ಕೋದಂಡ ಎಂಬ ಶಿಕ್ಷೆಯಲ್ಲಿ ಹುಡುಗ ಹಗ್ಗ ಹಿಡಿದು ಜೋತಾಡಬೇಕಿತ್ತು. ಇದನ್ನು ಬರೆಯುವಾಗಲೇ ನನ್ನ ಕೈ ನೋವಾದಂತಾಯಿತು. ಹೆಣ್ಣುಮಕ್ಕಳಿಗೆ ಈ ಶಿಕ್ಷೆ ಇರಲಿಲ್ಲ, ಯಾಕೆಂದರೆ ಹೆಣ್ಣುಮಕ್ಕಳಿಗೆ ಸಾಲಿಯೇ ಇರಲಿಲ್ಲ ಎಂದರೂ ನಡೆದೀತು.

ಮನೆಯಲ್ಲಿ ಕನ್ನಡ, ಸಾಲಿಯಲ್ಲಿ ಮರಾಠಿ

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. 1818ರಲ್ಲಿ ಪೇಶವೆಯವರು ಸೋತ ಮೇಲೆ ನಮ್ಮ ಈ ಭಾಗ ಇಂಗ್ಲಿಷರ ಕಂಪನಿ ಸರಕಾರದ ಕೈಗೆ ಹೋಯಿತು. ಬೆಳಗಾವಿ, ಧಾರವಾಡಗಳು ಮುಂಬಯಿ ಪ್ರಾಂತಕ್ಕೆ ಸೇರಿದವು. ಅದಕ್ಕೂ ಮೊದಲೇ ಇಲ್ಲಿ ಕಚೇರಿ ಕೆಲಸವೆಲ್ಲ ಮರಾಠಿಯಲ್ಲಿ ನಡೆಯುತ್ತಿತ್ತು. ಲೆಕ್ಕಪತ್ರಗಳನ್ನು ಮೋಡಿ ಲಿಪಿಯಲ್ಲಿ ಬರೆಯುತ್ತಿದ್ದರು. ಇಂಗ್ಲಿಷ್ ಸಾಹೇಬರು ಕಚೇರಿಯಲ್ಲಿ ಮರಾಠಿ ನೋಡಿ, ಇಲ್ಲಿಯ ಜನರ ಮಾತೂ ಮರಾಠಿಯೇ ಇರಬೇಕೆಂದು ತಿಳಿದರು. ಹೀಗಾಗಿ ಸರಕಾರ ಮೊದಮೊದಲು ತೆರೆದ ಸಾಲಿಗಳೂ ಮರಾಠಿ ಸಾಲಿಗಳಾದವು. ಮಾಸ್ತರರೂ ಮರಾಠಿ, ಪುಸ್ತಕವೂ ಮರಾಠಿ.

ಆದರೆ ಹೊಲದಲ್ಲಿ, ಸಂತೆಯಲ್ಲಿ, ಒಲೆಯ ಮುಂದೆ ಜನ ಆಡುತ್ತಿದ್ದದ್ದು ಕನ್ನಡ. ಒಕ್ಕಲಿಗರ ಮನೆಯ ಹುಡುಗ ಸಾಲಿಗೆ ಹೋದರೆ ಮಾಸ್ತರರು ಹೇಳಿದ್ದು ಅವನಿಗೆ ತಿಳಿಯುತ್ತಿರಲಿಲ್ಲ, ಅವನು ಹೇಳಿದ್ದು ಮಾಸ್ತರರಿಗೆ ಬೇಕಿರಲಿಲ್ಲ. ಅಂಥವನು ಎಷ್ಟು ದಿನ ಸಾಲಿಗೆ ಹೋದಾನು? ದನ ಕಾಯಲು ಹೋಗುವುದೇ ವಾಸಿ ಎನಿಸುತ್ತಿತ್ತು.

ಇದನ್ನು ಮೊದಲು ಗುರುತಿಸಿದವರಲ್ಲಿ ಒಬ್ಬ ಬ್ರಿಟಿಷ್ ಅಧಿಕಾರಿ ಇದ್ದರು. ಅವರ ಹೆಸರು ವಾಲ್ಟರ್ ಎಲಿಯಟ್. ಕನ್ನಡ ನಾಡಿನ ಹಳೆಯ ಶಾಸನಗಳನ್ನು ಕೂಡಿಹಾಕಿದವರೂ ಇವರೇ. ಇವರು 1830ರ ಸುಮಾರಿಗೆ ಧಾರವಾಡದಲ್ಲಿ ತಮ್ಮ ಕೈಯಿಂದ ರೊಕ್ಕ ಹಾಕಿ ಒಂದು ಕನ್ನಡ ಸಾಲಿ ನಡೆಸಿದರು. ಆದರೆ ಒಂದು ಊರಿನ ಒಂದು ಸಾಲಿಯಿಂದ ಎಷ್ಟಾದೀತು? ಊರೂರಿಗೆ ಕನ್ನಡ ಸಾಲಿ ಬೇಕಾದರೆ ಊರೂರಿಗೆ ಕನ್ನಡ ಮಾಸ್ತರರು ಬೇಕು, ಕನ್ನಡ ಪುಸ್ತಕ ಬೇಕು. ಅದನ್ನು ಮಾಡುವವರು ಇನ್ನೂ ಧಾರವಾಡದ ಓಣಿಯಲ್ಲಿ ಆಡುವ ಹುಡುಗರಾಗಿದ್ದರು.

ಪುಣೆಯ ದಾರಿ

ಧಾರವಾಡದಲ್ಲಿ ಸಿಗುವಷ್ಟು ವಿದ್ಯೆ ಮುಗಿದ ಮೇಲೆ ಚೆನ್ನಬಸಪ್ಪನವರಿಗೆ ಇಂಗ್ಲಿಷ್ ಕಲಿಯುವ ಆಸೆಯಾಯಿತು. ಅದಕ್ಕೆ ಪುಣೆಗೆ ಹೋಗಬೇಕು. ಈಗ ಧಾರವಾಡದಲ್ಲಿ ರಾತ್ರಿ ರೈಲು ಹತ್ತಿದರೆ ಮುಂಜಾನೆ ಪುಣೆ. ಆಗ ರೈಲೂ ಇಲ್ಲ, ಮೋಟಾರೂ ಇಲ್ಲ. ನಮ್ಮ ಕಡೆಗೆ ರೈಲು ಬಂದದ್ದೇ ಚೆನ್ನಬಸಪ್ಪನವರು ತೀರಿಹೋದ ಮೇಲೆ. ಧಾರವಾಡದಿಂದ ಪುಣೆಗೆ ಸುಮಾರು 400 ಕಿಲೋಮೀಟರ. ಬೆಳಗಾವಿ, ಸಂಕೇಶ್ವರ, ನಿಪ್ಪಾಣಿ, ಕೊಲ್ಹಾಪುರ, ಸಾತಾರಾ, ಪುಣೆ ಎಂದು ಈಗ ಹೆದ್ದಾರಿ ಹೋಗಿದೆ. ಆಗ ನಡೆಯಬೇಕು ಇಲ್ಲವೆ ಚಕ್ಕಡಿ ಹೂಡಬೇಕು. ದಿನಕ್ಕೆ 30 ಕಿಲೋಮೀಟರ ನಡೆದರೂ ಹದಿಮೂರು ಹದಿನಾಲ್ಕು ದಿನ ಬೇಕು ಎಂದು ನಾನು ಲೆಕ್ಕ ಮಾಡಿ ನೋಡಿದೆ. ನಮ್ಮಲ್ಲಿ ಕೆಲವರು ಮಳೆ ಬಂತೆಂದರೆ ಎರಡು ಕಿಲೋಮೀಟರ ತೋಟದ ಮನೆಯಿಂದ ಸಾಲಿಗೆ ಬರುವುದಿಲ್ಲ. ನಾನೂ ತಪ್ಪಿಸಿದ್ದೇನೆ, ಸುಳ್ಳು ಯಾಕೆ ಹೇಳಲಿ.

ಪುಣೆಯಲ್ಲಿ ಆಗ ಹೊಸ ಗಾಳಿ ಬೀಸುತ್ತಿತ್ತು. ಆ ಊರಿನಲ್ಲೇ 1848ರಲ್ಲಿ ಸಾವಿತ್ರಿಬಾಯಿ ಫುಲೆ ಮತ್ತು ಜ್ಯೋತಿಬಾ ಫುಲೆ ಅವರು ಹೆಣ್ಣುಮಕ್ಕಳಿಗೆ ಸಾಲಿ ತೆರೆದಿದ್ದರು. ಕಲಿಸಲು ಹೊರಟ ಸಾವಿತ್ರಿಬಾಯಿಯವರ ಮೇಲೆ ಜನ ಸೆಗಣಿ ಎಸೆದರು. ಅಕ್ಷರ ಕಲಿಸುವುದು ಆ ಕಾಲದಲ್ಲಿ ಎಷ್ಟು ಧೈರ್ಯದ ಕೆಲಸವಾಗಿತ್ತು ಎಂದು ಇದರಿಂದ ತಿಳಿಯುತ್ತದೆ. ಚೆನ್ನಬಸಪ್ಪನವರು ಪುಣೆಯಲ್ಲಿ ಇಂಗ್ಲಿಷ್ ಕಲಿತರು. ಮರಾಠಿಯೂ ಅವರಿಗೆ ಚೆನ್ನಾಗಿ ಬರುತ್ತಿತ್ತು. ಇಷ್ಟು ಕಲಿತವರು ದೊಡ್ಡ ಕಚೇರಿಯಲ್ಲಿ ಆರಾಮಾಗಿ ಕುಳಿತಿರಬಹುದಿತ್ತು. ಆದರೆ ಅವರು ತಮ್ಮ ನಾಡಿಗೆ ಮರಳಿ ಬಂದು ಸಾಲಿಯ ಕೆಲಸಕ್ಕೇ ನಿಂತರು.

ಮಾಸ್ತರರಿಗೆ ಮಾಸ್ತರ

1855ರಲ್ಲಿ ಮುಂಬಯಿ ಸರಕಾರ ಶಿಕ್ಷಣ ಇಲಾಖೆಯನ್ನು ತೆರೆಯಿತು. ಸಾಲಿಗಳಿಗೆ ತಪಾಸಣೆ, ಮಾಸ್ತರರಿಗೆ ಪಗಾರ, ಮಕ್ಕಳಿಗೆ ಇಯತ್ತೆ ಮತ್ತು ಪರೀಕ್ಷೆ ಎಂಬ ವ್ಯವಸ್ಥೆ ನಿಧಾನವಾಗಿ ಬಂತು. ಮಾಸ್ತರರನ್ನು ತಯಾರು ಮಾಡಲು ನಾರ್ಮಲ್ ಸ್ಕೂಲ್ ಎಂಬ ಸಾಲಿ ತೆರೆದರು. ಅಂದರೆ ಮಾಸ್ತರರಾಗುವವರು ಕಲಿಯುವ ಸಾಲಿ. ಈಗಿನ ಡಿ.ಇಡಿ. ಇದ್ದ ಹಾಗೆ. ಧಾರವಾಡದ ನಾರ್ಮಲ್ ಸ್ಕೂಲಿಗೆ ಚೆನ್ನಬಸಪ್ಪನವರು ಮುಖ್ಯಾಧ್ಯಾಪಕರಾದರು.

ಇದು ಬಹಳ ದೊಡ್ಡ ಬದಲಾವಣೆ. ಅಲ್ಲಿಯವರೆಗೆ ತನಗೆ ಬಂದದ್ದನ್ನು ತನಗೆ ತಿಳಿದಂತೆ ಹೇಳಿಕೊಡುವವನೇ ಮಾಸ್ತರ. ಹೇಗೆ ಕಲಿಸಬೇಕು ಎಂಬುದನ್ನೂ ಕಲಿಯಬೇಕು ಎಂದು ಯಾರಿಗೂ ಹೊಳೆದಿರಲಿಲ್ಲ. ಈಗ ಕನ್ನಡ ಬಲ್ಲ ತರುಣರು ಇಲ್ಲಿ ಕಲಿತು, ಹಳ್ಳಿಗಳಿಗೆ ಮಾಸ್ತರರಾಗಿ ಹೋಗತೊಡಗಿದರು. ಒಬ್ಬ ಮಾಸ್ತರರನ್ನು ತಯಾರು ಮಾಡಿದರೆ ಒಂದು ಊರಿಗೆ ದೀಪ ಹಚ್ಚಿದಂತೆ. ಚೆನ್ನಬಸಪ್ಪನವರು ಎಷ್ಟು ಊರಿಗೆ ದೀಪ ಕಳಿಸಿದರು ಎಂದು ಲೆಕ್ಕ ಇಡುವುದು ಕಷ್ಟ.

ಊರೂರು ತಿರುಗಿದ ಡೆಪ್ಯುಟಿ ಸಾಹೇಬರು

ಆಮೇಲೆ ಅವರು ಡೆಪ್ಯುಟಿ ಎಜುಕೇಶನಲ್ ಇನ್ಸ್‌ಪೆಕ್ಟರ್ ಆದರು. ನಮ್ಮ ಗೋಕಾಕ ಸೀಮೆ ಆಗಲೂ ಬೆಳಗಾವಿ ಜಿಲ್ಲೆಯಲ್ಲೇ ಇತ್ತು. ಮರಾಠಿ ಸಾಲಿಗಳು ನಡೆದಿದ್ದ ಕನ್ನಡದ ಊರುಗಳಲ್ಲಿ ಅವರು ಕನ್ನಡ ಸಾಲಿಗಳನ್ನು ತೆರೆಸಿದರು. ಆಗ ಶಿಕ್ಷಣ ಇಲಾಖೆಯಲ್ಲಿದ್ದ ರಸೆಲ್ ಎಂಬ ಇಂಗ್ಲಿಷ್ ಅಧಿಕಾರಿಯೂ ಕನ್ನಡದ ಪಕ್ಷವನ್ನೇ ಹಿಡಿದಿದ್ದರಿಂದ ಕೆಲಸಕ್ಕೆ ಬಲ ಬಂತು.

ಹೇಳುವುದು ಸುಲಭ, ಮಾಡುವುದು ಸುಲಭವಿರಲಿಲ್ಲ. ಮರಾಠಿ ಬಂದರೆ ಕಚೇರಿಯಲ್ಲಿ ನೌಕರಿ ಸಿಗುತ್ತದೆ ಎಂಬ ನಂಬಿಕೆ ಜನರಲ್ಲಿತ್ತು. ಕನ್ನಡ ಕಲಿತು ಏನು ಮಾಡುವುದು, ಅದು ಹೇಗೂ ಬಾಯಲ್ಲಿ ಬರುತ್ತದಲ್ಲ ಎನ್ನುವವರೂ ಇದ್ದರು. ಇದನ್ನು ಓದಿದಾಗ ನನಗೆ ಎಲ್ಲೋ ಕೇಳಿದ ಮಾತು ಅನ್ನಿಸಿತು. ಮರಾಠಿ ಎಂಬಲ್ಲಿ ಇಂಗ್ಲಿಷ್ ಎಂದು ಹಾಕಿರಿ, ನಮ್ಮೂರ ಕಟ್ಟೆಯ ಮೇಲೆ ಈಗಲೂ ಇದೇ ಮಾತು ನಡೆಯುತ್ತದೆ.

ಚೆನ್ನಬಸಪ್ಪನವರು ಇಂಗ್ಲಿಷಿಗೂ ವಿರೋಧಿಯಲ್ಲ, ಮರಾಠಿಗೂ ವೈರಿಯಲ್ಲ. ಎರಡನ್ನೂ ಕಲಿತವರೇ. ಆದರೆ ಮೊದಲ ಅಕ್ಷರ, ಮೊದಲ ಲೆಕ್ಕ, ಮೊದಲ ಕಥೆ ಮಗುವಿಗೆ ತಿಳಿಯುವ ಮಾತಿನಲ್ಲಿ ಇರಬೇಕು. ಅವರ ಕೆಲಸವನ್ನೆಲ್ಲ ಕೂಡಿಸಿ ನೋಡಿದರೆ ಇದೊಂದೇ ಮಾತು ಕಾಣುತ್ತದೆ.

ಪತ್ರಿಕೆ, ಪುಸ್ತಕ, ನಾಟಕ

ಸಾಲಿ ಆಯಿತು, ಮಾಸ್ತರರೂ ಆದರು. ಓದಲು ಪುಸ್ತಕ ಬೇಕಲ್ಲ! ಕನ್ನಡದಲ್ಲಿ ಅಚ್ಚಾದ ಪುಸ್ತಕಗಳು ಆಗ ಬಹಳ ಕಡಿಮೆ. ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರ ಹೊರಟದ್ದು 1843ರಲ್ಲಿ, ಅದೂ ದೂರದ ಮಂಗಳೂರಿನಲ್ಲಿ. ನಮ್ಮ ಕಡೆ 1865ರಲ್ಲಿ ಮಠಪತ್ರಿಕೆ ಎಂಬ ಪತ್ರಿಕೆ ಶುರುವಾಯಿತು. ಇದರ ಹಿಂದೆ ಚೆನ್ನಬಸಪ್ಪನವರು ಮತ್ತು ಅವರ ಜೊತೆಯ ಶಿಕ್ಷಕರು ಇದ್ದರು. ಮಠ ಎಂದರೆ ಸಾಲಿ ಎಂದು ಮೇಲೆ ಬರೆದಿದ್ದೇನಲ್ಲ. ಹಾಗಾಗಿ ಮಠಪತ್ರಿಕೆ ಎಂದರೆ ಸಾಲಿಯ ಪತ್ರಿಕೆ. ನಾವೀಗ ರಟ್ಟಿನ ಮೇಲೆ ಸ್ಕೆಚ್ ಪೆನ್ನಿನಿಂದ ಬರೆದು ಗೋಡೆಗೆ ಹಚ್ಚುವ ಈ ಪತ್ರಿಕೆಗೆ ಅದು ಮುತ್ತಜ್ಜ ಎಂದರೆ ತಪ್ಪಿಲ್ಲ.

ಅವರ ಜೊತೆಗೆ ಇನ್ನೂ ಕೆಲವರು ಕೈ ಕೂಡಿಸಿದರು. ಗಂಗಾಧರ ಮಡಿವಾಳೇಶ್ವರ ತುರಮರಿ ಎಂಬ ಶಿಕ್ಷಕರು ಸಂಸ್ಕೃತದಲ್ಲಿದ್ದ ಬಾಣನ ಕಾದಂಬರಿ ಎಂಬ ದೊಡ್ಡ ಗ್ರಂಥವನ್ನು ಕನ್ನಡಕ್ಕೆ ತಂದರು. ವೆಂಕಟ ರಂಗೋ ಕಟ್ಟಿ ಎಂಬವರು ಸಾಲಿಗೆ ಬೇಕಾದ ಪುಸ್ತಕಗಳನ್ನು ಬರೆದರು, ಪತ್ರಿಕೆ ನಡೆಸಿದರು. ಇವರೆಲ್ಲ ಸಾಲಿ ಮಾಸ್ತರರೇ ಎಂಬುದನ್ನು ಗಮನಿಸಿರಿ. ಹಗಲು ಸಾಲಿ, ರಾತ್ರಿ ದೀಪದ ಬೆಳಕಿನಲ್ಲಿ ಬರವಣಿಗೆ. ನಮ್ಮ ಭಾಗದಲ್ಲಿ ಕನ್ನಡ ಉಳಿದದ್ದು ಇಂಥ ಮಾಸ್ತರರಿಂದ.

ಚೆನ್ನಬಸಪ್ಪನವರು ಸ್ವತಃ ಷೇಕ್ಸ್‌ಪಿಯರನ ಒಂದು ನಾಟಕವನ್ನು 1870ರ ಆಸುಪಾಸಿನಲ್ಲಿ ನಗದವರನ್ನು ನಗಿಸುವ ಕಥೆ ಎಂಬ ಹೆಸರಿನಲ್ಲಿ ಕನ್ನಡಕ್ಕೆ ತಂದರು. ಅದರಲ್ಲಿ ಒಂದೇ ತರಹ ಕಾಣುವ ಇಬ್ಬರು ಅವಳಿ ಯಜಮಾನರು, ಅವರಿಗೆ ಒಂದೇ ತರಹ ಕಾಣುವ ಇಬ್ಬರು ಅವಳಿ ಆಳುಗಳು. ಯಾರು ಯಾರೆಂದು ತಿಳಿಯದೆ ಊರೆಲ್ಲ ಗೊಂದಲ. ನಮ್ಮ ಸಾಲಿಯಲ್ಲಿ ಅವಳಿ ಮಕ್ಕಳಿದ್ದರೆ ಹಾಜರಿ ಹಿಡಿಯುವಾಗ ಗುರುಗಳಿಗೆ ಆಗುವ ಫಜೀತಿ ನೆನೆಸಿಕೊಳ್ಳಿರಿ, ಕಥೆ ತಿಳಿಯುತ್ತದೆ. ಶಿಸ್ತಿನ ಸಾಹೇಬರು ಜನರನ್ನು ನಗಿಸುವ ನಾಟಕ ಬರೆದರು ಎಂದು ಓದಿ ನನಗೆ ಅವರ ಮೇಲೆ ಪ್ರೀತಿ ಹೆಚ್ಚಾಯಿತು.

1881ರ ಜನವರಿಯಲ್ಲಿ ಚೆನ್ನಬಸಪ್ಪನವರು ತೀರಿಕೊಂಡರು. ಅವರಿಗೆ ಇನ್ನೂ ಐವತ್ತು ತುಂಬಿರಲಿಲ್ಲ.

ಅವರು ಹಚ್ಚಿದ ದೀಪ

ಅವರು ಹೋದ ಮೇಲೆಯೂ ಕೆಲಸ ನಿಲ್ಲಲಿಲ್ಲ. 1890ರಲ್ಲಿ ಧಾರವಾಡದಲ್ಲಿ ರಾ. ಹ. ದೇಶಪಾಂಡೆಯವರು ಕರ್ನಾಟಕ ವಿದ್ಯಾವರ್ಧಕ ಸಂಘವನ್ನು ಕಟ್ಟಿದರು. 1916ರಲ್ಲಿ ಬೆಳಗಾವಿಯಲ್ಲಿ ಏಳು ಜನ ತರುಣ ಶಿಕ್ಷಕರು ಕೂಡಿ ಕೆ.ಎಲ್.ಇ. ಸಂಸ್ಥೆಯನ್ನು ಶುರು ಮಾಡಿದರು. ಒಂದು ಸಾಲಿಯಿಂದ ಆರಂಭವಾದ ಅದು ಈಗ ಎಷ್ಟು ದೊಡ್ಡದಾಗಿದೆ ಎಂದು ಬೆಳಗಾವಿ ದವಾಖಾನೆಗೆ ಹೋಗಿ ಬಂದವರಿಗೆಲ್ಲ ಗೊತ್ತು. ನಮ್ಮ ಗೋಕಾಕ ತಾಲೂಕಿನ ಬೆಟಗೇರಿಯಲ್ಲಿ 1900ರಲ್ಲಿ ಹುಟ್ಟಿದ ಬೆಟಗೇರಿ ಕೃಷ್ಣಶರ್ಮರು ಹಳ್ಳಿಯ ಕನ್ನಡ ಸಾಲಿಯಲ್ಲೇ ಅಕ್ಷರ ಕಲಿತು ಆನಂದಕಂದ ಎಂಬ ಹೆಸರಿನ ದೊಡ್ಡ ಕವಿಯಾದರು. 1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾಯಿತು, ಬೆಳಗಾವಿ ಮುಂಬಯಿ ರಾಜ್ಯ ಬಿಟ್ಟು ಇತ್ತ ಬಂತು. ಕನ್ನಡ ಸಾಲಿ ಕಲಿತವರು ಇಲ್ಲಿ ಊರೂರಲ್ಲಿ ಇರದಿದ್ದರೆ ಇದು ಇನ್ನೂ ಕಷ್ಟವಾಗುತ್ತಿತ್ತು ಎಂದು ನಮ್ಮ ಗುರುಗಳು ಹೇಳಿದರು.

ಮುತ್ಯಾನ ಕಾಲ, ನಮ್ಮ ಕಾಲ

ನಮ್ಮ ಮುತ್ಯಾ 1960ರ ನಂತರ ಸಾಲಿಗೆ ಹೋದವರು. ಅವರನ್ನು ಕೇಳಿದಾಗ ಅವರು ಹೇಳಿದ್ದನ್ನು ಸಂಕ್ಷಿಪ್ತವಾಗಿ ಬರೆಯುತ್ತೇನೆ. ಆಗ ಮಾಸ್ತರರು ಧೋತರ ಉಟ್ಟು, ಕೋಟು ತೊಟ್ಟು, ಕರಿ ಟೊಪ್ಪಿಗೆ ಹಾಕುತ್ತಿದ್ದರು. ಊರಲ್ಲೇ ಬಾಡಿಗೆ ಮನೆ ಹಿಡಿದು ಇರುತ್ತಿದ್ದರು. ಹುಡುಗರು ಮನೆಯಿಂದ ಅವರಿಗೆ ಹಾಲು, ಕಾಯಿಪಲ್ಲೆ ಒಯ್ದು ಕೊಡುತ್ತಿದ್ದರು. ಊರಿಗೆ ಕಾಗದ ಬಂದರೆ ಓದಿ ಹೇಳುವವರು ಮಾಸ್ತರರೇ, ಕಾಗದ ಬರೆದುಕೊಡುವವರೂ ಮಾಸ್ತರರೇ, ಜಗಳ ಬಗೆಹರಿಸುವವರೂ ಅವರೇ. ಮಾಸ್ತರರು ಓಣಿಯಲ್ಲಿ ಬಂದರೆ ಗೋಲಿ ಆಡುವ ಹುಡುಗರು ಗೋಲಿ ಬಿಟ್ಟು ಓಡುತ್ತಿದ್ದರು. ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದರೆ ಸಾಕು, ಹಿಂದಿನವರು ಕನ್ನಡ ಸಾಲಿ ಮಾಸ್ತರರೇ ಆಗುತ್ತಿದ್ದರಂತೆ. ನಾನು ಈಗ ಏಳನೇ ತರಗತಿ. ನನ್ನನ್ನು ಮಾಸ್ತರ ಮಾಡಿದರೆ ಒಂದನೇ ತರಗತಿಯವರು ನನ್ನನ್ನೇ ಅಳಿಸಿ ಕಳಿಸುತ್ತಾರೆ.

ಈಗ ನಮ್ಮ ಗುರುಗಳು ಮೋಟಾರ್ ಸೈಕಲ್ ಮೇಲೆ ಬರುತ್ತಾರೆ, ಅಕ್ಕೋರು ಬಸ್ಸಿನಲ್ಲಿ ಬರುತ್ತಾರೆ. ಮುತ್ಯಾನ ಕಾಲದಲ್ಲಿ ಹಳ್ಳಿಯಲ್ಲಿ ಅಕ್ಕೋರು ಎಂಬುವರೇ ಅಪರೂಪ. ಕಾಯಿದೆ ಬಂದ ಮೇಲೆ, ಅಂದರೆ 2009ರ ಶಿಕ್ಷಣ ಹಕ್ಕು ಕಾಯಿದೆಯಿಂದ, ಮಕ್ಕಳನ್ನು ಹೊಡೆಯುವಂತಿಲ್ಲ. ಮಧ್ಯಾಹ್ನ ಬಿಸಿಯೂಟ ಇದೆ, ಹಾಲು ಇದೆ, ಪುಸ್ತಕ ಮತ್ತು ಸಮವಸ್ತ್ರ ಸರಕಾರವೇ ಕೊಡುತ್ತದೆ. ಗುರುಗಳಿಗೆ ಕೆಲಸವೂ ಹೆಚ್ಚಾಗಿದೆ. ಕಲಿಸುವುದರ ಜೊತೆಗೆ ಜನಗಣತಿ, ಚುನಾವಣೆ, ಅಕ್ಕಿ ಬೇಳೆಯ ಲೆಕ್ಕ, ಮೊಬೈಲಿನಲ್ಲಿ ಮಾಹಿತಿ ತುಂಬುವುದು. ಅಯ್ಯನವರ ಕಾಲದಲ್ಲಿ ಹಾಜರಿ ಪುಸ್ತಕವೇ ಇರಲಿಲ್ಲ, ಈಗ ಪುಸ್ತಕಗಳೇ ಒಂದು ಕಪಾಟು ತುಂಬಿವೆ.

ಒಂದು ಮಾತು ನೆನಪಾಗುತ್ತದೆ. 2020ರಲ್ಲಿ ಕೊರೊನಾ ಬಂದು ಸಾಲಿ ಮುಚ್ಚಿದಾಗ ನಾವು ಬಹಳ ಸಣ್ಣವರು. ಆಗ ವಿದ್ಯಾಗಮ ಎಂಬ ಯೋಜನೆಯಲ್ಲಿ ಗುರುಗಳೇ ನಮ್ಮ ಓಣಿಗೆ ಬಂದು ಗುಡಿಯ ಕಟ್ಟೆಯ ಮೇಲೆ, ಗಿಡದ ನೆರಳಲ್ಲಿ ನಮ್ಮನ್ನು ದೂರ ದೂರ ಕೂಡಿಸಿ ಕಲಿಸಿದರು. ಅದನ್ನು ನೋಡಿ ಮುತ್ಯಾ, ಇವರ ಸಾಲಿ ಮತ್ತೆ ಗಾವಟಿ ಸಾಲಿ ಆಯಿತು ಎಂದು ನಕ್ಕಿದ್ದರು. ಸಾಲಿ ಎಂದರೆ ಕಟ್ಟಡವಲ್ಲ, ಕಲಿಸುವವರು ಮತ್ತು ಕಲಿಯುವವರು ಎಂದು ನನಗೆ ಈಗ ಅರ್ಥವಾಗುತ್ತದೆ.

ಮಾತಾಡದ ಹುಡುಗಿ

ಕೊನೆಗೆ ನಾನು ಕಣ್ಣಾರೆ ಕಂಡದ್ದನ್ನು ಬರೆಯುತ್ತೇನೆ. ಹೋದ ವರ್ಷ ಕಬ್ಬಿನ ಸುಗ್ಗಿಯಲ್ಲಿ ಮಹಾರಾಷ್ಟ್ರದಿಂದ ಕಬ್ಬು ಕಡಿಯುವ ಗ್ಯಾಂಗ್ ಬಂದಿತ್ತು. ಅವರ ಗುಡಿಸಲು ನಮ್ಮ ಹೊಲದ ಹತ್ತಿರ. ಅವರಲ್ಲಿ ಒಬ್ಬ ಹುಡುಗಿ ನಮ್ಮಷ್ಟೇ ದೊಡ್ಡವಳು. ಗುರುಗಳು ಹೋಗಿ ಅವಳ ಅಪ್ಪ ಅವ್ವನ ಮನ ಒಲಿಸಿ ಅವಳನ್ನು ನಮ್ಮ ತರಗತಿಗೆ ಕರೆತಂದರು. ಅವಳಿಗೆ ಮರಾಠಿ ಬಿಟ್ಟು ಬೇರೆ ಬರುತ್ತಿರಲಿಲ್ಲ. ಒಂದು ವಾರ ಅವಳು ಮೂಲೆಯಲ್ಲಿ ಕುಳಿತು ಬಾಯಿ ಬಿಡಲಿಲ್ಲ. ಅವಳಿಗೆ ತಲೆ ಇಲ್ಲ ಎಂದು ನಮ್ಮಲ್ಲಿ ಕೆಲವರು ನಕ್ಕೆವು. ನಕ್ಕವರಲ್ಲಿ ನಾನೂ ಒಬ್ಬಳು.

ಒಂದು ದಿನ ಲೆಕ್ಕದ ಗುರುಗಳು ಅವಳ ಹತ್ತಿರ ಕುಳಿತು ತಮಗೆ ಬರುವ ಮರಾಠಿಯಲ್ಲಿ ಭಾಗಾಕಾರ ಕೇಳಿದರು. ಅವಳು ಥಟ್ಟನೆ ಉತ್ತರ ಹೇಳಿದಳು. ಇನ್ನೊಂದು ಕೇಳಿದರು, ಅದನ್ನೂ ಹೇಳಿದಳು. ಟನ್ನಿನ ಲೆಕ್ಕ, ಕೂಲಿಯ ಲೆಕ್ಕ ಎಲ್ಲ ಅವಳ ಬಾಯಲ್ಲೇ ಇತ್ತು. ನಾವು ಪಾಟಿಯ ಮೇಲೆ ಬರೆಯುವುದರೊಳಗೆ ಅವಳು ಹೇಳಿ ಮುಗಿಸಿದ್ದಳು. ನಮಗೆಲ್ಲ ನಾಚಿಕೆಯಾಯಿತು. ಎರಡು ತಿಂಗಳಲ್ಲಿ ಅವಳು ನಮ್ಮಿಂದ ಕನ್ನಡ ಕಲಿತಳು, ನಾವು ಅವಳಿಂದ ಸ್ವಲ್ಪ ಮರಾಠಿ ಕಲಿತೆವು. ಸುಗ್ಗಿ ಮುಗಿದ ಮೇಲೆ ಗ್ಯಾಂಗ್ ಹೋಯಿತು, ಅವಳೂ ಹೋದಳು.

ಚೆನ್ನಬಸಪ್ಪನವರ ಚರಿತ್ರೆ ಓದುವಾಗ ನನಗೆ ಅವಳದೇ ನೆನಪು. ಅವರ ಕಾಲದಲ್ಲ‌ಿ ಮರಾಠಿ ಸಾಲಿಯ ಮೂಲೆಯಲ್ಲಿ ಬಾಯಿ ಬಿಡದೆ ಕುಳಿತಿದ್ದ ಹುಡುಗರು ನಮ್ಮವರು. ನಮ್ಮ ಕಾಲದಲ್ಲಿ ಕನ್ನಡ ಸಾಲಿಯ ಮೂಲೆಯಲ್ಲಿ ಹಾಗೆಯೇ ಕುಳಿತವಳು ಆಕೆ. ತಪ್ಪು ಮರಾಠಿಯದೂ ಅಲ್ಲ, ಕನ್ನಡದ್ದೂ ಅಲ್ಲ. ಮಗುವಿಗೆ ತಿಳಿಯದ ಮಾತಿನಲ್ಲಿ ಕಲಿಸಿ, ಮಗುವಿಗೆ ಬುದ್ಧಿ ಇಲ್ಲ ಅನ್ನುವುದು ತಪ್ಪು. ಈಗಲೂ ಬೆಳಗಾವಿ ಜಿಲ್ಲೆಯಲ್ಲಿ ಮರಾಠಿ ಮನೆಮಾತಿನ ಮಕ್ಕಳಿಗೆ ಸರಕಾರಿ ಮರಾಠಿ ಸಾಲಿಗಳಿವೆ. ಆ ಕಡೆ ಮಹಾರಾಷ್ಟ್ರದ ಜತ್ತ, ಅಕ್ಕಲಕೋಟೆ ಭಾಗದಲ್ಲಿ ಕನ್ನಡ ಸಾಲಿಗಳಿವೆ. ಹೀಗೇ ಇರಬೇಕು.

ನಮ್ಮ ಮನೆಯಲ್ಲಿ ಇನ್ನೊಂದು ಸಂಗತಿ ಇದೆ. ನನ್ನ ತಮ್ಮ ಮುಂಜಾನೆ ಟೈ ಕಟ್ಟಿಕೊಂಡು ಹಳದಿ ಗಾಡಿ ಹತ್ತಿ ಇಂಗ್ಲಿಷ್ ಸಾಲಿಗೆ ಹೋಗುತ್ತಾನೆ. ಮನೆಗೆ ಬಂದು ಪಾಠ ಒಪ್ಪಿಸುತ್ತಾನೆ, ಗಿಳಿಯ ಹಾಗೆ. ಅರ್ಥ ಕೇಳಿದರೆ ಸುಮ್ಮನೆ ನಿಲ್ಲುತ್ತಾನೆ. ಅಪ್ಪನಿಗೂ ಅರ್ಥ ಹೇಳಲು ಬರುವುದಿಲ್ಲ, ಅವ್ವನಿಗೂ ಬರುವುದಿಲ್ಲ. ಅಪ್ಪನನ್ನು ನಾನು ತಪ್ಪು ಅನ್ನುವುದಿಲ್ಲ. ಮಗ ತನ್ನ ಹಾಗೆ ಬಿಸಿಲಲ್ಲಿ ಬೇಯಬಾರದು ಎಂದು ಅಪ್ಪನ ಆಸೆ. ಇಂಗ್ಲಿಷ್ ಕಲಿಯಲು ಚೆನ್ನಬಸಪ್ಪನವರೇ ಪುಣೆಯವರೆಗೆ ಹೋಗಿದ್ದರಲ್ಲ! ಆದರೆ ನಮ್ಮ ಆಯಿ ಪಂಚಾಂಗ ಓದಿ ಹೇಳು ಅಂದರೆ ತಮ್ಮನಿಗೆ ಕನ್ನಡ ಅಕ್ಷರ ಬರುವುದಿಲ್ಲ, ಆಯಿಗಂತೂ ಓದಲು ಬರುವುದೇ ಇಲ್ಲ. ಇಬ್ಬರ ನಡುವೆ ನಾನು ಕುಳಿತು ಓದುತ್ತೇನೆ.

ಹೀಗಾಗಿ ಈ ಶಿಕ್ಷಕರ ದಿನದಿಂದ ನಾನು ಒಂದು ಕೆಲಸ ಶುರು ಮಾಡಿದ್ದೇನೆ. ರಾತ್ರಿ ಊಟವಾದ ಮೇಲೆ ಅರ್ಧ ತಾಸು ನಮ್ಮ ಪಡಸಾಲೆಯಲ್ಲಿ ಸಾಲಿ. ಮಾಸ್ತರ ನಾನು. ವಿದ್ಯಾರ್ಥಿಗಳು ಇಬ್ಬರೇ, ತಮ್ಮ ಮತ್ತು ಆಯಿ. ಮೊದಲ ದಿನ ಆಯಿ ಕೈ ನಡುಗುತ್ತದೆ ಅಂದಳು. ಅದಕ್ಕೆ ಪರಾತದಲ್ಲಿ ಉಸುಕು ಹಾಕಿ ಬೆರಳಿನಿಂದ ಬರೆಸಿದೆ. ತಮ್ಮನಿಗೆ ಅದು ಆಟವಾಯಿತು. ಹತ್ತು ದಿನದಲ್ಲಿ ಆಯಿ ತನ್ನ ಹೆಸರಿನ ಮೊದಲ ಎರಡು ಅಕ್ಷರ ಕಲಿತಿದ್ದಾಳೆ, ತಮ್ಮ ಳಕಾರದವರೆಗೆ ಬಂದಿದ್ದಾನೆ. ಈ ಸಾಲಿಯಲ್ಲಿ ಕೋದಂಡ ಇಲ್ಲ. ಪಗಾರ ಮಾತ್ರ ಹಳೆಯ ಕಾಲದ್ದೇ, ಆಯಿ ಒಂದು ಚೂರು ಬೆಲ್ಲ ಕೊಡುತ್ತಾಳೆ.

ಗೆಳೆಯ ಗೆಳತಿಯರೇ, ನಿಮ್ಮ ಮನೆಯಲ್ಲಿಯೂ ಓದಲು ಬಾರದ ಆಯಿ ಮುತ್ಯಾ ಇರಬಹುದು. ನೀವೂ ಪಡಸಾಲೆಯಲ್ಲಿ ಒಂದು ಸಾಲಿ ತೆರೆಯಿರಿ. ಡೆಪ್ಯುಟಿ ಸಾಹೇಬರು ತಪಾಸಣೆಗೆ ಬಂದರೂ ಬಂದಾರು!

ಬರವಣಿಗೆಯಲ್ಲಿ ತಪ್ಪಿದ್ದರೆ ತಿದ್ದಿರಿ.

ಓದಿದಿರಾ? ಹಾಗಾದರೆ ಉತ್ತರ ಹೇಳಿರಿ

1. ಡೆಪ್ಯುಟಿ ಎಂಬುದು ಯಾವ ನೌಕರಿಯ ಹೆಸರು?
2. ಕಡತ ಎಂದರೇನು?
3. ಮಠಪತ್ರಿಕೆ ಶುರುವಾದ ವರ್ಷ ಯಾವುದು?
4. ಧಾರವಾಡದಲ್ಲಿ ತಮ್ಮ ರೊಕ್ಕದಿಂದ ಕನ್ನಡ ಸಾಲಿ ನಡೆಸಿದ ಬ್ರಿಟಿಷ್ ಅಧಿಕಾರಿ ಯಾರು?
5. ನಿಮ್ಮ ಮುತ್ಯಾ ಅಥವಾ ಆಯಿ ಎಷ್ಟನೇ ಇಯತ್ತೆಯವರೆಗೆ ಕಲಿತಿದ್ದಾರೆ? (ಇದಕ್ಕೆ ಉತ್ತರ ಈ ಪತ್ರಿಕೆಯಲ್ಲಿ ಇಲ್ಲ, ಮನೆಯಲ್ಲಿ ಕೇಳಿ ಬರೆದುಕೊಂಡು ಬನ್ನಿರಿ. ಮುಂದಿನ ಸಂಚಿಕೆಯಲ್ಲಿ ಎಲ್ಲರದನ್ನೂ ಹಚ್ಚೋಣ.)

7ನೇ ತರಗತಿಯ ವಿದ್ಯಾರ್ಥಿನಿ, ತುಕ್ಕಾನಟ್ಟಿ